ನಾನೇ ಹೇಳಿದ ಮಾತು

“ಓದಿದ್ದು ಸಾಕು! ನೀ ತೊಟ್ಟಿಲಾಗ ಇದ್ದಾಗ ನನ್ನ ತಮ್ಮಗ ಮಾತು ಕೊಟ್ಟೀನಿ. ಮದುವಿ ಆಗದಿದ್ರ ನನಗ ತವರುಮನಿ ಬಾಗಲಾ ಮುಚ್ಚಿದಂಗ!” ಎಂದು ಮಗಳ ಮೇಲೆ ಕೂಗಿದೆ.

“ಹನುಮೇಶ ಮಾವ ನನ್ನ ಹೆಗಲ ಮ್ಯಾಲ ಹೊತ್ತು ತಿರುಗ್ಯಾನವ್ವ. ಅವನ ಜೋಡಿ ಸಂಸಾರ ಹೆಂಗ ಮಾಡ್ಲಿ?” ಎಂದಳು ಹೇಮಾವತಿ.

“ನಾ ಮಾಡಿಲ್ಲೇನು? ಮಹಿಳಾ ಅಧ್ಯಯನ ಅಂತ ಎಂ.ಎ. ಓದಾಕ ಹೋಗಿ ಅವ್ವಗ ಎದುರು ಮಾತಾಡೋದು ಕಲ್ತಿ!”

ಅವಳು ಚೀಲದಿಂದ ನೋಟ್‌ಬುಕ್ ತೆಗೆದಳು. ಕಳೆದ ನಾಟಿಯ ಕಾಲಕ್ಕೆ ನಮ್ಮೂರು ನವಲಿಯ ಹೆಂಗಸರನ್ನೆಲ್ಲ ಮಾತಾಡಿಸಿ ಪ್ರಾಜೆಕ್ಟ್‌ಗೆ ಬರೆದುಕೊಂಡಿದ್ದಳು. ನನ್ನನ್ನೂ ಕೇಳಿದ್ದಳು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಗದ್ದೆಯ ಬದುವಿನ ಮೇಲೆ ಕೂತು ಎಲ್ಲ ಹೇಳಿಬಿಟ್ಟಿದ್ದೆ.

“ಹದಿಮೂರಕ್ಕ ಸೋದರಮಾವಗ ಕೊಟ್ರು. ಬ್ಯಾಡ ಅಂದ್ರೂ ಯಾರೂ ಕೇಳಲಿಲ್ಲ. ನನ್ನ ಮಗಳಿಗೆ ಹಿಂಗ ಆಗಬಾರದು,” ಎಂದು ಓದಿದಳು. “ನಿನ್ನ ಮಾತು ಹೌದಲ್ಲವ್ವ?”

“ಅದು ನಿನ್ನ ಪರೀಕ್ಷಾಕ್ಕ ಹೇಳಿದ್ದು, ಮನಿಗಲ್ಲ!” ಎಂದು ಆ ಹಾಳೆ ಹರಿದೆ.

ಅವಳು ಅಳಲಿಲ್ಲ. ಚಪ್ಪಲಿ ಮೆಟ್ಟಿ ಗಂಗಾವತಿ ಬಸ್ಸು ಹತ್ತಿದಳು.

ಈಗ ತಮ್ಮ ನನ್ನ ಹೊಸ್ತಿಲು ತುಳಿಯುವುದಿಲ್ಲ. ಹರಿದ ಹಾಳೆಯನ್ನು ಕೂಡಿಸಿ ಹತ್ತು ಸಲ ಓದಿದ್ದೇನೆ. ಒಂದು ಸುಳ್ಳೂ ಇಲ್ಲ. ಹೇಮಾವತಿ ಮಾತ್ರ ಬಂದಿಲ್ಲ, ಬರುವುದೂ ಇಲ್ಲ.