ಪ್ರೆಸ್ಸಿನಲ್ಲಿಟ್ಟ ಕೆಮ್ಮು

ಆ ವಾರ ಬೀದಿಯಲ್ಲಿ ಹೊತ್ತೇರಿದರೂ ಮಂಜು ಕರಗುತ್ತಿರಲಿಲ್ಲ. ಮುಚ್ಚಿದ ಬಾಗಿಲುಗಳ ಹಿಂದೆ ಕೆಮ್ಮು ಕೇಳುತ್ತಿತ್ತು. ಒಂದು ಮನೆಯಲ್ಲಿ ನಿಂತರೆ ಪಕ್ಕದ ಮನೆಯಲ್ಲಿ ಶುರು. ಕಣ್ಣಿಗೆ ಕಾಣದ ಯಾರೋ ಒಂದೊಂದೇ ಬಾಗಿಲು ತಟ್ಟಿಕೊಂಡು ಬರುತ್ತಿದ್ದ ಹಾಗೆ.

ಬೀದಿಯ ಕೊನೆಗೆ, ಮನೆಗೆ ಅಂಟಿಕೊಂಡಂತೆ, ಪುಸ್ತಕ ಬೈಂಡಿಂಗ್ ಮಾಡುವ ಕೋಣೆ. ಅಲ್ಲಿ ಅಕ್ಕ, ತಮ್ಮ ಇಬ್ಬರೇ ಕೆಲಸಗಾರರು. ಅಕ್ಕ ಹಾಳೆಗಳನ್ನು ಮಡಚಿ, ಮೇಣ ಹಚ್ಚಿದ ದಾರದಲ್ಲಿ ಹೊಲಿಯುವವಳು. ತಮ್ಮನೋ, ಪುಸ್ತಕದ ಬೆನ್ನಿಗೆ ಅಂಟು ಬಳಿದು, ರಟ್ಟು ಕಟ್ಟಿ, ಕಬ್ಬಿಣದ ಪ್ರೆಸ್ಸಿನಲ್ಲಿಟ್ಟು ತಿರುಪು ಬಿಗಿಯುವವನು. ಉಗುರಿನ ಸಂದಿಯಲ್ಲಿ ಸದಾ ಅಂಟು ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಅಂಟಣ್ಣ.

ಅಂಟಣ್ಣನಿಗೆ ಒಂದು ನೇಮವಿತ್ತು. ಪ್ರೆಸ್ಸಿಗಿಟ್ಟ ಪುಸ್ತಕವನ್ನು ಮೂರು ದಿನ ಮುಟ್ಟಕೂಡದು; ಆಸೆಗೆ ಬಿದ್ದು ಇಣುಕಿದರೂ ಹಾಳೆ ಸುಕ್ಕೇಳುತ್ತದೆ. ಕಸುಬಿನ ಈ ನೇಮವನ್ನು ಅವನು ಮನೆಗೂ ತಂದಿದ್ದ. ಸೋರುವ ನಲ್ಲಿಗೆ ಮೂರು ದಿನ, ಹೆಂಡತಿಯ ಮುನಿಸಿಗೆ ಮೂರು ದಿನ. "ಬಿಡು, ತಾನಾಗೇ ಕೂತ್ಕೊಳ್ಳುತ್ತೆ" ಅನ್ನುತ್ತಿದ್ದ. ನಲ್ಲಿ ಇನ್ನೂ ಸೋರುತ್ತಲೇ ಇತ್ತು.

ಎರಡು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟಾಗ ಅಕ್ಕ ತನ್ನದೊಂದನ್ನು ಕೊಟ್ಟಿದ್ದಳು. ಅದೀಗ ಅವನ ಹೊಟ್ಟೆಯ ಬಲಮಗ್ಗುಲಲ್ಲಿ ಕೂತು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಕೆಲವೊಮ್ಮೆ ಹೊಲಿಯುತ್ತ ಕೂತಾಗ ಅಕ್ಕನಿಗೆ ಅನ್ನಿಸುತ್ತಿತ್ತು: ನನ್ನದೊಂದು ತುಂಡು ಆ ಮೇಜಿನ ಆಚೆ, ಇನ್ನೊಬ್ಬರ ಚರ್ಮದೊಳಗೆ ಎಚ್ಚರವಾಗಿದೆ.

ಸೋಮವಾರ ಬೆಳಿಗ್ಗೆ ಅಂಟಣ್ಣ ಕೆಮ್ಮಿದ.

"ಏನೋ ಅದು?"

"ಅಂಟಿನ ವಾಸನೆ ಕಣಕ್ಕಾ. ಗಂಟಲು ಕೆರೀತಿದೆ, ಅಷ್ಟೇ."

ಇಪ್ಪತ್ತು ವರ್ಷದಿಂದ ಕೆರೆಯದ ಅಂಟು ಇವತ್ತೇಕೆ ಕೆರೆಯಿತು ಎಂದು ಅಕ್ಕ ಕೇಳಲಿಲ್ಲ. ಅವಳು ಕಿಟಕಿಯಾಚೆ ನೋಡಿದಳು. ಎದುರುಮನೆಯ ಮೇಷ್ಟ್ರು ಶನಿವಾರ ಕೆಮ್ಮುತ್ತಲೇ ಬಂದು ಒಂದು ಹಳೇ ನಿಘಂಟನ್ನು ಬೈಂಡಿಂಗಿಗೆ ಕೊಟ್ಟು ಹೋಗಿದ್ದರು. ಭಾನುವಾರ ಸಂಜೆ ಅವರನ್ನು ಆಂಬ್ಯುಲೆನ್ಸಿನಲ್ಲಿ ಕರೆದೊಯ್ದರು. ಅವರ ಕನ್ನಡಕ ಮಾತ್ರ ಆ ಮನೆಯ ಕಿಟಕಿಯ ಕಟ್ಟೆಯ ಮೇಲೆ ಉಳಿದುಹೋಗಿತ್ತು. ಗಾಜಿನ ಮೇಲೆ ಮಂಜು ಕೂತು, ಕುರುಡಾದ ಎರಡು ಕಣ್ಣು ಈ ಕಡೆಗೇ ತಿರುಗಿದಂತಿತ್ತು. ನಿಘಂಟು ಪ್ರೆಸ್ಸಿನಲ್ಲಿತ್ತು.

ಮಂಗಳವಾರ ಮಧ್ಯಾಹ್ನ ಇಬ್ಬರೂ ಮಾತಿಲ್ಲದೆ ಕೆಲಸ ಮಾಡುತ್ತಿದ್ದರು. ಚಳಿಗೋ ಏನೋ, ಯಾರೂ ಮುಟ್ಟದೆ ಪ್ರೆಸ್ಸಿನ ತಿರುಪು ಒಮ್ಮೆ ಕಿರ್ರೆಂದಿತು. ಅಕ್ಕನ ಸೂಜಿ ನಿಂತಿತು.

ಅಕ್ಕನದು ಕೇಳುವ ಕಿವಿ. ಚಿಕ್ಕಂದಿನಲ್ಲಿ ಅಪ್ಪ ಬೆಳಗಿನ ಹೊತ್ತು ದೇವರ ಮುಂದೆ ಪದ್ಯ ಹೇಳುವಾಗ, ಎಲ್ಲಾದರೂ ಲಯ ಜಾರಿದರೆ ಒಳಕೋಣೆಯಲ್ಲಿ ಮಲಗಿದ್ದವಳು ಎದ್ದು ಕೂರುತ್ತಿದ್ದಳು. ಈಗಲೂ ಹಾಗೇ ಆಯಿತು. ತಮ್ಮನ ಉಸಿರು ಒಂದು, ಎರಡು, ಮೂರು ಎಂದು ಬರುತ್ತಿದ್ದದ್ದು ನಾಲ್ಕನೆಯದಕ್ಕೆ ತಡವರಿಸಿತು. ಮತ್ತೆ ಬಂತು. ಮತ್ತೆ ತಡವರಿಸಿತು. ಕೋಣೆಯಲ್ಲಿ ಮೂರನೆಯವರು ಯಾರೋ ಇದ್ದು, ಆ ಒಂದು ಉಸಿರನ್ನು ಅವನಿಂದ ಕಿತ್ತುಕೊಳ್ಳುತ್ತಿದ್ದಂತೆ.

ಎದ್ದು ಹೋಗಿ ಅವನ ಹಣೆ ಮುಟ್ಟಿದಳು. ರಟ್ಟಿನಷ್ಟು ತಣ್ಣಗಿತ್ತು.

"ನೋಡಿದ್ಯಾ? ಜ್ವರ ಎಲ್ಲಿದೆ?" ಅವನು ನಕ್ಕ. "ನಿನ್ನೆ ತಾನೇ ಶುರುವಾಗಿದ್ದು. ಗುರುವಾರದವರೆಗೂ ಬಿಡು. ಮೂರು ದಿನ."

ಒಳಗಿನಿಂದ ಅವನ ಹೆಂಡತಿ ಬಂದಳು. "ಅತ್ತಿಗೆ, ಹೋದ ವರ್ಷ ನನಗೆ ಗಂಟಲು ನೋವಿಗೆ ಕೊಟ್ಟಿದ್ದ ಮಾತ್ರೆ ನಾಲ್ಕು ಉಳಿದಿದೆ. ಅದನ್ನೇ ಕೊಡ್ಲಾ?"

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಹಡಿ ಮೆಟ್ಟಿಲು ಹತ್ತಿದಳು.

ಮಹಡಿಯಲ್ಲಿದ್ದ ನರ್ಸಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವವರು. ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಂಡು ಇಳಿದು ಬಂದರು, ಬಾಗಿಲಲ್ಲೇ ನಿಂತರು.

"ಏನಪ್ಪಾ ಅಂಟಣ್ಣ, ಕೆಮ್ಮನ್ನೂ ಪ್ರೆಸ್ಸಿಗಿಟ್ಟಿದ್ಯಂತೆ?"

"ಜ್ವರವೇ ಇಲ್ಲ ನರ್ಸಮ್ಮ. ಅಕ್ಕನಿಗೆ ಸುಮ್ಮನೆ ಭಯ."

"ಜ್ವರ ಇಲ್ಲ ಅನ್ನೋದೇ ನನಗೂ ಭಯ ಕಣೋ." ನರ್ಸಮ್ಮನ ದನಿ ತಗ್ಗಿತು. "ಜ್ವರ ಅಂದ್ರೆ ಏನು? ಮೈ ಕೂಗಿಕೊಳ್ಳೋದು, ಕಳ್ಳ ಬಂದ ಅಂತ. ನಿನ್ನ ಅಕ್ಕನ ಕಿಡ್ನಿನ, ಹೊರಗಿನದು ಅಂತ ನಿನ್ನ ಮೈ ಹೊಡೆದು ಹಾಕಬಾರದಲ್ಲ, ಅದಕ್ಕೇ ದಿನಾ ಮಾತ್ರೆ ಕೊಟ್ಟು ನಿನ್ನ ಮೈಯ ಕಾವಲುಗಾರರನ್ನ ತೂಕಡಿಸೋ ಹಾಗೆ ಮಾಡಿದೀವಿ. ಈಗ ನಿಜವಾಗಿ ಕಳ್ಳ ಒಳಗೆ ಬಂದು ಕೋಣೆಯಿಂದ ಕೋಣೆಗೆ ಓಡಾಡ್ತಿದ್ರೂ ಕೂಗೋರಿಲ್ಲ. ಮನೆ ತಣ್ಣಗೇ ಇರುತ್ತೆ."

ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು.

"ಹಾಗಾದ್ರೆ ಆ ಉಳಿದ ಮಾತ್ರೆ..." ಎಂದು ಹೆಂಡತಿ ಕೈಯಲ್ಲಿದ್ದ ಮಾತ್ರೆ ತೋರಿಸಿದಳು.

"ಬೇಡವೇ ಬೇಡ ಮಗಳೇ. ಅದು ಬ್ಯಾಕ್ಟೀರಿಯಾಗೆ ಕೊಡೋ ಆ್ಯಂಟಿಬಯಾಟಿಕ್ಕು. ಬೀದೀಲಿ ಹರಡ್ತಿರೋದು ವೈರಸ್ಸು ಇರಬೇಕು, ವೈರಸ್ಸಿಗೆ ಅದು ನಾಟೋದೇ ಇಲ್ಲ. ವೈರಸ್ಸಿನ ಔಷಧಾನೇ ಬೇರೆ. ಅದು ಮೈಯೊಳಗೆ ವೈರಸ್ಸು ಬೆಳೆಯೋದನ್ನ ತಡೆಯುತ್ತೆ. ಅದಕ್ಕೇ ಬೇಗ ಶುರುವಾಗಬೇಕು. ಫ್ಲೂ ಆದ್ರೆ ಮೊದಲ ಎರಡು ದಿನದೊಳಗೆ ತಗೊಂಡ್ರೆ ಗುಣ ಜಾಸ್ತಿ. ತಡವಾಯ್ತು ಅಂತ ಸುಮ್ಮನಿರೋದೂ ಬೇಡ, ಇಂಥವರಿಗೆ ಆಮೇಲೂ ಕೊಡ್ತಾರೆ. ಅದಿರಲಿ, ಆಸ್ಪತ್ರೆಯಿಂದ ಬರುವಾಗ ಒಂದು ಕೈಪಿಡಿ ಕೊಟ್ಟಿದ್ರಲ್ಲ, ಎಲ್ಲಿ?"

ಅಂಟಣ್ಣ ಮೇಲಿನ ಹಲಗೆ ತೋರಿಸಿದ. ಅಲ್ಲಿತ್ತು ಕೈಪಿಡಿ. ಕೆಂಪು ಬಟ್ಟೆಯ ಬೈಂಡು, ಬೆನ್ನಿಗೆ ಚಿನ್ನದ ಗೆರೆ. ಕೊಳೆಯಾದೀತೆಂದು ಮೇಲೆ ಕಾಗದ ಬೇರೆ ಸುತ್ತಿದ್ದ. ಅಕ್ಕ ಅದನ್ನು ತೆರೆದಾಗ ಬೆನ್ನು ಚಟ್ಟೆಂದಿತು. ಎರಡು ವರ್ಷದಲ್ಲಿ ಒಮ್ಮೆಯೂ ತೆರೆಯದ ಪುಸ್ತಕದ ಸದ್ದು ಅದು. ಬೈಂಡಿಂಗಿನವರಿಗೆ ಗೊತ್ತಾಗದೆ ಇರದು.

ಮೊದಲ ಪುಟದಲ್ಲೇ ದಪ್ಪಕ್ಷರ: *ಕೆಮ್ಮು, ಗಂಟಲು ಕೆರೆತ, ಮೈಕೈ ನೋವು, ಚರ್ಮದ ಮೇಲೆ ಗುಳ್ಳೆ, ಏನೇ ಕಂಡರೂ ಅದೇ ದಿನ ನಮಗೆ ಫೋನ್ ಮಾಡಿ. ಜ್ವರಕ್ಕಾಗಿ ಕಾಯಬೇಡಿ.* ಕೆಳಗೆ ಫೋನ್ ನಂಬರು.

"ಇಷ್ಟು ಚೆಂದ ಮಾಡಿಟ್ಟಿದೀಯ, ಓದೋದೊಂದು ಬಿಟ್ಟು," ಎಂದರು ನರ್ಸಮ್ಮ.

ಅಂಟಣ್ಣ ಬೆರಳ ಅಂಟನ್ನು ಉಜ್ಜುತ್ತ ಕೂತ. ಅಕ್ಕ ಅವನ ಮುಂದೆ ಕುಳಿತಳು.

"ನೋಡು, ನಿನ್ನ ಹತ್ರ ನಾನು ಯಾವತ್ತೂ ಏನೂ ಕೇಳಿಲ್ಲ. ನನ್ನದೊಂದು ವಸ್ತು ನಿನ್ನಲ್ಲಿದೆ. ಹುಷಾರಾಗಿ ನೋಡ್ಕೋ ಅಂತ ಮಾತ್ರ ಕೇಳ್ತೀನಿ. ಇನ್ನೊಂದು ಕೊಡೋಕೆ ನನ್ನ ಹತ್ರ ಇಲ್ವೋ."

ಅವನು ಫೋನು ಕೈಗೆತ್ತಿಕೊಂಡ.

ಸಂಜೆಯೊಳಗೆ ಆಸ್ಪತ್ರೆಯಲ್ಲಿ ಮೂಗಿನ ಪರೀಕ್ಷೆಯಾಯಿತು. ಫ್ಲೂ. ಡಾಕ್ಟರಮ್ಮ ಅವನು ನುಂಗುವ ಪ್ರತಿಯೊಂದು ಮಾತ್ರೆಯ ಹೆಸರು ಕೇಳಿ ಬರೆದುಕೊಂಡರು. "ಕೆಲವು ವೈರಸ್ ಔಷಧಿ ಕಿಡ್ನಿ ಕಸಿಯ ಮಾತ್ರೆ ಜೊತೆ ಸೇರಿದ್ರೆ ಜಗಳ ಆಡುತ್ತೆ. ಯಾವ ಔಷಧಿ, ಎಷ್ಟು ಅನ್ನೋದನ್ನ ನಿಮ್ಮ ಕಿಡ್ನಿ ಪರೀಕ್ಷೆ ನೋಡಿ ನಾನು ಹೇಳ್ತೀನಿ. ಕಸಿಯ ಮಾತ್ರೆನ ಮಾತ್ರ ನೀವಾಗೇ ನಿಲ್ಲಿಸಬೇಡಿ. ಉಸಿರು ಕಟ್ಟಿದ್ರೆ, ಮಾತು ತೊದಲಿದ್ರೆ, ಮೂತ್ರ ಕಡಿಮೆಯಾದ್ರೆ ಫೋನೂ ಬೇಡ, ನೇರ ಬನ್ನಿ." ಮನೆಯವರಿಗೆಲ್ಲ ಫ್ಲೂ ಲಸಿಕೆ ಆಗಿದೆಯೇ ಎಂದೂ ಕೇಳಿದರು. ಆಗಿರಲಿಲ್ಲ. ಹೆಂಡತಿ ತಲೆತಗ್ಗಿಸಿ, ನಾಳೆಯೇ ಬರುತ್ತೇವೆ ಎಂದಳು.

ಮೊದಲ ಮಾತ್ರೆ ಅಂದೇ ನುಂಗಿದ. ಡಾಕ್ಟರಮ್ಮ ಹೇಳಿದ್ದು ಐದು ದಿನ. ಅಕ್ಕ ಬಾಗಿಲಾಚೆ ಕೂತು ಅವನ ಉಸಿರು ಎಣಿಸಿದಳು. ಬುಧವಾರ ನಾಲ್ಕನೆಯದು ತಡವರಿಸಿತು. ಗುರುವಾರ ಒಮ್ಮೊಮ್ಮೆ. ಶುಕ್ರವಾರ ಸಂಜೆ ಎಲ್ಲ ಉಸಿರೂ ಸಾಲಾಗಿ ಬಂದವು. ಆ ಮೂರನೆಯವರು ಯಾರೋ ಎದ್ದು ಹೋದ ಹಾಗೆ ಕೋಣೆ ಹಗುರಾಯಿತು.

"ಅಕ್ಕಾ, ನಾನು ಸರಿಹೋದೆ. ಮೂರು ದಿನವೂ ಆಯ್ತು. ಇನ್ನು ಮಾತ್ರೆ ಯಾಕೆ?"

"ಐದು ದಿನಕ್ಕೆ ಬಿಗಿದ ತಿರುಪನ್ನ ಮೂರಕ್ಕೆ ಸಡಿಲಿಸ್ತೀಯಾ? ಹಾಳೆ ಸುಕ್ಕೇಳಲ್ವಾ?"

ಅಂಟಣ್ಣ ಮಾತ್ರೆ ನುಂಗಿದ.

ಮುಂದಿನ ಸೋಮವಾರ ನಿಘಂಟನ್ನು ಹೊರತೆಗೆದರು. ಒಂದು ಸುಕ್ಕಿಲ್ಲ. ಅಕ್ಕ ಎದುರುಮನೆಯತ್ತ ನೋಡಿದಳು. ಕಿಟಕಿಯ ಕಟ್ಟೆಯ ಮೇಲೆ ಕನ್ನಡಕ ಇರಲಿಲ್ಲ. ಅವಳು ಕಿಟಕಿಗೆ ಇನ್ನಷ್ಟು ಹತ್ತಿರ ಹೋದಳು. ಅಷ್ಟರಲ್ಲಿ ಪರದೆ ಅಲುಗಿತು. ಕನ್ನಡಕ ಹಾಕಿಕೊಂಡ ಮೇಷ್ಟ್ರು, ಸೊರಗಿದ ಕೈಯೆತ್ತಿ, ನನ್ನ ಪುಸ್ತಕ ಆಯಿತೇ ಎಂದು ಸನ್ನೆಯಲ್ಲೇ ಕೇಳಿದರು.

ಓದುವ, ಕೇಳುವ ನಿಮಗೊಂದು ಮಾತು. ನಿಮ್ಮ ಮನೆಯಲ್ಲಿ ಅಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ರೋಗ ತಡೆವ ಶಕ್ತಿ ಕುಂದಿದವರು ಯಾರಾದರೂ ಇದ್ದಾರೆಯೇ? ಅವರ ಮಾತ್ರೆಗಳ ಪಟ್ಟಿಯನ್ನೂ ಆಸ್ಪತ್ರೆಯ ನಂಬರನ್ನೂ ಇವತ್ತೇ ಗೋಡೆಗೆ ಅಂಟಿಸಿ. ಕೊಟ್ಟ ಕೈಪಿಡಿಯನ್ನು ಮೇಲಿಡಬೇಡಿ, ಕೈಗೆ ಸಿಗುವಲ್ಲಿಡಿ; ಮೂಲೆ ಮಡಚಿದರೆ ಮಡಚಲಿ. ಅವರು ಒಂದೇ ಒಂದು ಸಲ ಕೆಮ್ಮಿ ಸುಮ್ಮನಾದರೂ, ಮೈ ತಣ್ಣಗೇ ಇದ್ದರೂ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ಅಂಟು ಒಣಗಲು ಪುಸ್ತಕ ಕಾಯಲಿ. ನೀವು ಕಾಯಬೇಡಿ.