ಬೋರಲು ಹಾಕಿದ ತಗಡು

೨೦೧೪ರ ಫೆಬ್ರುವರಿ ೧೬, ಭಾನುವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ದುಂಡೇಶ ಜೀಪಿನ ಮೇಲಿನ ತಾಡಪತ್ರಿ ಎಳೆದು, ಬಲಗಡೆಯಿಂದ ಹತ್ತಿ ಕೂತು, ಹಿಡಿಯಲು ಕೈ ಚಾಚಿದ. ಕೈಗೆ ಏನೂ ಸಿಗಲಿಲ್ಲ.

"ವೈನಿ, ಸ್ಟೇರಿಂಗ್ ಎಲ್ಲೈತಿ?"

"ಆ ಮಗ್ಗಲಕ ಐತಿ," ಎಂದಳು ಸಕ್ಕುಬಾಯಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಜುಗೂಳದ ಆ ಅಂಗಳದಲ್ಲಿ ನೆರೆದವರು ಇದು ಸಾವಿನ ಮನೆ ಎಂಬುದನ್ನು ಮರೆತು ಬಗ್ಗಿ ನೋಡಿದರು. ಸ್ಟೇರಿಂಗು ಎಡಗಡೆ ಇತ್ತು. ಕಟ್ಟೆಯ ಮೇಲೆ ಗೋಡೆಗೊರಗಿಸಿ ಕೂರಿಸಿದ್ದ ಅವಳ ಗಂಡ ವಿರುಪಾಕ್ಷಪ್ಪ ಮಾತ್ರ ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ ಧರಿಸಿ, ಈ ಗಾಡಿಯ ಗೊಡವೆ ತನಗಿಲ್ಲ ಎಂಬಂತಿದ್ದ. ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಜೀವಮಾನವೆಲ್ಲ ಮೋಟರು ಚಾಲೂ-ಬಂದ್ ಮಾಡಿದವನು, ನಿನ್ನೆ ಸಂಜೆ ಚಹಾ ಕುಡಿಯುತ್ತಲೇ ತಾನೂ ಬಂದ್ ಆಗಿದ್ದ.

"ಕುಂಡ್ರಸಿ ಒಯ್ಯಾಕ ಹೂವಿನ ವಿಮಾನ ತಯಾರೈತಿ, ಹೆಗಲ ಕೊಡಾಕ ಮಂದಿ ಐತಿ," ದುಂಡೇಶ ದನಿ ತಗ್ಗಿಸಿದ. "ಇದರಾಗ ಅಣ್ಣನ್ನ ಒಯ್ದ್ರ ಊರ ನಗತೈತಿ."

"ನಗಲಿ. ನಗತಾರಂತನ ಇದನ್ನ ಹೊರಗ ತಗೀಲಿಲ್ಲ ನಿಮ್ಮಣ್ಣ. ಇವತ್ತರೆ ಇದರಾಗ ಹೊಲಕ್ಕ ಹೋಗ್ಲಿ. ಯಾರೂ ನೂಕಬಾರದು. ತಾನ ನಡೀಬೇಕು."

*

೨೦೦೫ರ ಮಹಾಪೂರದಲ್ಲಿ ಕೃಷ್ಣೆ ಅಂಗಳಕ್ಕೆ ಬಂದು ಹೋದ ಮೇಲೆ, ಜೀಪಿನ ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು ತುಕ್ಕು ಹಿಡಿದು ಹಪ್ಪಳವಾಗಿತ್ತು. ಮರುವರ್ಷ ವಿರುಪಾಕ್ಷಪ್ಪ ಅದನ್ನು ಬಿಚ್ಚಿ, ಹೊಸ ತಗಡಿನ ಮೇಲೆ ಬೋರಲು ಹಾಕಿ, ಸಕ್ಕುಬಾಯಿಯ ಹೊಲಿಗೆಯ ಸೀಮೆಸುಣ್ಣದ ತುಂಡಿನಿಂದ ತೂತುಗಳ ಸಮೇತ ಗೆರೆ ಎಳೆದ. ಅವಳು ಅಂಚು ಹಿಡಿದು ಕೂತಿದ್ದಳು.

"ಏನ್ರಿ, ಹಳೇದು ಬೋರಲ ಐತಿ. ಹೊಸಾದನ್ನ ತಿರುವಿ ಮಡಚ್ರಿ. ಇಲ್ಲಂದ್ರ ಬಲಗೈ ತೋಳ ಎಡಗೈಗೆ ಬರತೈತಿ."

"ಇದು ತಗಡ. ನಿನ್ನ ಜಂಪರ ಅಲ್ಲ."

ಅಂಚು ಮಡಚಿದ, ತೂತು ಕೊರೆದ, ಬೆಸುಗೆ ಹಾಕಿದ. ಸ್ಟೇರಿಂಗಿನ ದಂಡ ತೂರಿಸಲು ಹೋದರೆ ಬಲಗಡೆ ತೂತೇ ಇಲ್ಲ. ಎಡಗಡೆ ಇತ್ತು, ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವನು ಅದರೊಳಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ. ಆಚೆಗೆ ಚಹಾದ ಬಟ್ಟಲು ಹಿಡಿದು ನಿಂತ ಸಕ್ಕುಬಾಯಿ ಕಂಡಳು.

"ಮಿಲಿಟರಿ ಜೀಪಿಗೆ ಮೊದಲ ಎಡಕ್ಕ ಇರತಿತ್ತು," ಎಂದ.

ಅವಳು ನಗಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿತು. ಬೆಸುಗೆ ಬಿಡಿಸಿದರೆ ಸೋತಂತೆ. ಆದ್ದರಿಂದ ಮಿರಜೆಯ ಗುಜರಿಗಳನ್ನು ವರ್ಷಗಟ್ಟಲೆ ಸುತ್ತಿ ಎಡಗಡೆಗೆ ಹೊಂದುವ ಸಾಮಾನನ್ನೇ ಕೂಡಿಸಿದ. ಓಡಿದ ದೂರ ತೋರಿಸುವ ಮೀಟರನ್ನು ಸೊನ್ನೆಗೆ ತಂದ. ಆಮೇಲೆ ಪ್ರತಿ ಸೋಮವಾರ ನಿಂತಲ್ಲೇ ಎಂಜಿನ್ ಚಾಲೂ ಮಾಡಿ, ಕಿವಿಗೊಟ್ಟು ಕೇಳಿ, ಮತ್ತೆ ತಾಡಪತ್ರಿ ಹೊದಿಸಿಬಿಡುತ್ತಿದ್ದ.

*

ವಿರುಪಾಕ್ಷಪ್ಪನನ್ನು ಬಲಗಡೆ ಕೂರಿಸಿ ಶಾಲಿನಿಂದ ಸೀಟಿಗೆ ಬಿಗಿದರು. ಮಗ ಸುರಜ ಎಡಗಡೆ ಕೂತ. ಸಕ್ಕುಬಾಯಿ ಹಿಂದೆ ಕೂತು ಗಂಡನ ಹೆಗಲು ಹಿಡಿದಳು. ದುಂಡೇಶ ಅವಳ ಪಕ್ಕಕ್ಕೆ ಹತ್ತಿದ. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು.

"ಸಾವಕಾಶ ಹೊಡಿಯಪ್ಪಾ, ಭಜನಿಯವ್ರು ಹಿಂದ ಉಳದ್ರು," ಎಂದ ದುಂಡೇಶ.

"ಸಾವಕಾಶ ಮಾಡಿದ್ರ ಬಂದ್ ಬೀಳತೈತಿ ಕಾಕಾ."

ಭಜನೆ ಕೇಳಿಸದಷ್ಟು ದೂರ ಬಂದಾಗ, ಹೊಲದ ಇಕ್ಕಟ್ಟು ಹಾದಿಯಲ್ಲಿ ಕಬ್ಬಿನ ಟ್ರಾಲಿ ಕಟ್ಟಿದ ಟ್ರ್ಯಾಕ್ಟರು ಎದುರಾಯಿತು. ಅದರವನು ಬಲಗಡೆ ಕೂತವನಿಗೆ ಕೈ ಮಾಡಿದ.

"ಯಜಮಾನ್ರ, ಸ್ವಲ್ಪ ಹಿಂದ ತಗೋರಿ. ನನ್ನ ಬೆನ್ನಿಗೆ ಟ್ರಾಲಿ ಐತಿ."

ಯಜಮಾನರು ಮಿಸುಕಲಿಲ್ಲ.

"ಹಾರ ಹಾಕ್ಕೊಂಡ್ರ ಹಾದಿ ನಿಮ್ದ ಆತೇನ್ರಿ?"

"ತಮ್ಮಾ," ಎಂದಳು ಸಕ್ಕುಬಾಯಿ, "ಅವ್ರು ತೀರಿಕೊಂಡಾರ."

ಟ್ರ್ಯಾಕ್ಟರಿನವನು ವಿಭೂತಿ ನೋಡಿದ, ಗುಡುಗುಡು ಎನ್ನುತ್ತಿದ್ದ ಜೀಪು ನೋಡಿದ. "ಮತ್ತ... ಗಾಡಿ ಯಾರು ಹೊಡ್ಯಾಕತ್ತಾರ್ರಿ?"

ಸುರಜ ಎಡಗಡೆಯಿಂದ ಕೈ ಎತ್ತಿದ.

ತುಂಬಿದ ಟ್ರಾಲಿ ಹಾವಿನಂತೆ ಡೊಂಕಾಗುತ್ತ ತಿರುವಿನವರೆಗೂ ಹಿಂದೆ ಸರಿಯಿತು. ದುಂಡೇಶ ಟವೆಲನ್ನು ಬಾಯಿಗೆ ತುರುಕಿಕೊಂಡ. ನಿನ್ನೆಯಿಂದ ಅತ್ತ ಸಕ್ಕುಬಾಯಿ ಗಂಡನ ಹೆಗಲಿಗೆ ಹಣೆ ಹಚ್ಚಿ ನಕ್ಕಳು. ನಗೆಗೆ ಅವನ ತಲೆಯೂ ಮೆಲ್ಲಗೆ ಅಲುಗಿತು.

ಅಗೆದಿಟ್ಟ ಕುಣಿಯ ಹತ್ತಿರ ಸುರಜ ಎಂಜಿನ್ ಬಂದ್ ಮಾಡಿದ. ಯಾರೂ ನೂಕಿರಲಿಲ್ಲ. ಸಕ್ಕುಬಾಯಿ ಮುಂದೆ ಬಾಗಿ, ಸೆರಗಿನಿಂದ ಮೀಟರಿನ ಗಾಜು ಒರೆಸಿದಳು.

ಒಂದು ಕಿಲೋಮೀಟರ್ ಆರುನೂರು ಮೀಟರ್.