ಬಾಣಂತಿ ಪಾಲಿನ ಸೊರ

ಹೊಸಪೇಟೆಯ ಮೀನು ಮಾರುಕಟ್ಟೆಯಲ್ಲಿ ಕರಾವಳಿಯ ಐಸ್ ಡಬ್ಬಿ ಬಿಚ್ಚಿದೊಡನೆ ಹೊಳೆಮ್ಮನ ಮೊದಲ ಕೆಲಸ, ಸೊರ ಮೀನಿನ ಮರಿಗಳನ್ನು ಆರಿಸಿ ಹಸಿ ಗೋಣಿಯ ಕೆಳಗೆ ಮುಚ್ಚಿಡುವುದು. ಅದು ಬಾಣಂತಿ ಪಾಲು. ಹೋಟೆಲಿನವರು ಎಷ್ಟು ಗೋಗರೆದರೂ ಕೊಡುವವಳಲ್ಲ. ಶಾರ್ಕ್ ಜಾತಿಯ ಆ ಮೀನು ತಿಂದರೆ ಎದೆಹಾಲು ಉಕ್ಕುತ್ತದೆಂದು ಜನರ ನಂಬಿಕೆ. ಹೊಳೆಮ್ಮನ ಕೈಗುಣ ಚೆನ್ನಾಗಿದೆಯೆಂದು ಕಂಪ್ಲಿಯಿಂದಲೂ ಬರುತ್ತಿದ್ದರು. ಆ ಹೆಸರೆಂದರೆ ಅವಳಿಗೆ ಪ್ರಾಣ.

ಅಂದು ಹೇಮಾ ಬಂದಿದ್ದಳು. ಸಮುದ್ರದ ಮೀನುಗಳ ವಂಶವಾಹಿ ಅಭ್ಯಾಸ ಮಾಡುವ ಮಲಪನಗುಡಿಯ ಹುಡುಗಿ. ಆಗಾಗ ಬಂದು ಸೊರದ ರೆಕ್ಕೆಯ ಚೂರು ಕೇಳಿ ಒಯ್ಯುತ್ತಿದ್ದಳು.

"ಹೊಳೆಮ್ಮಕ್ಕ, ಆ ರೆಕ್ಕಿ ಚೂರಿನ ಪರೀಕ್ಷೆ ಆತ್ರಿ. ಬ್ಯಾರೆ ಬ್ಯಾರೆ ವಾರ ಬಂದ ಮರಿ, ಆದ್ರ ಭಾಳಷ್ಟು ಒಡಹುಟ್ಟಿದವು. ಅಂದ್ರ ಆ ದಂಡಿ ಕಡೆ ತಾಯಿ ಸೊರ ಭಾಳ ಕಡಿಮಿ ಉಳದಾವು. ಇವು ಸಾವಿರ ತತ್ತಿ ಇಡಂಗಿಲ್ರಿ, ತಿಂಗಳುಗಟ್ಲೆ ಹೊತ್ತು ನಾಕಾರು ಮರಿ ಹಾಕ್ತಾವು."

"ಅಯ್ಯ, ಮೀನಿಗೂ ಕುಲಗೋತ್ರ ತೆಗೀತಿ ಏನ್ ತಂಗಿ?" ಹೊಳೆಮ್ಮ ನಕ್ಕಳು. "ಮನ್ಯಾಗ ಕೂಸು ಹಸ್ದು ಅಳುವಾಗ ಸಮುದ್ರದ ತಾಯಂದ್ರ ಚಿಂತಿ ಯಾರ್ ಮಾಡ್ತಾರ?"

"ಕೂಸು ಅತ್ರ ಡಾಕ್ಟರಿಗೆ ತೋರಿಸ್ರಿ ಅಕ್ಕ. ಸೊರ ತಿಂದ್ರ ಹಾಲು ಬರ್ತೈತಿ ಅನ್ನಾಕ ಆಧಾರ ಇಲ್ಲ."

ಹೊಳೆಮ್ಮನ ನಗು ಅಡಗಿತು. ಅವಳ ಮನೆಯಲ್ಲೇ ಚೊಚ್ಚಲ ಬಾಣಂತಿಯಿದ್ದಳು, ಮಗಳು ಸುಕನ್ಯಾ. ದಿನವೂ ಸೊರದ ಸಾರು ಉಂಡರೂ ಕೂಸಿನ ಹೊಟ್ಟೆ ತುಂಬುತ್ತಿರಲಿಲ್ಲ.

ಸಂಜೆ ಸುಕನ್ಯಾ ತಟ್ಟೆ ದೂಡಿದಳು. "ಯವ್ವಾ, ಸಾಕು. ಕೂಸು ಬಾಯಿ ಹಾಕಿ ಬಿಡ್ತೈತಿ, ಜಗ್ಗವಲ್ದು. ದವಾಖಾನಿಗೆ ಹೋಗೂನು."

"ಸುಮ್ನ ಉಣ್ಣಲೇ! ಊರ ಬಾಣಂತ್ಯಾರಿಗೆಲ್ಲ ಹಾಲು ಬರಿಸಿದಾಕಿ ನಾನು. ನನ್ನ ಮಗಳನ್ನ ದವಾಖಾನಿಗೆ ಒಯ್ದ್ರ ಮಾರ್ಕೆಟ್ನ್ಯಾಗ ಹೆಂಗ ಮಕ ತೋರಿಸ್ಲಿ?"

ಸಾರು ಇನ್ನಷ್ಟು ಗಟ್ಟಿಯಾಯಿತು, ಕೂಸು ಇನ್ನಷ್ಟು ಬಡವಾಯಿತು. ಒಂದು ಬೆಳಿಗ್ಗೆ ಅದಕ್ಕೆ ಅಳಲೂ ತ್ರಾಣವಿಲ್ಲದಾದಾಗ ಹೊಳೆಮ್ಮನೇ ಎತ್ತಿಕೊಂಡು ಆಟೊ ಹತ್ತಿದಳು.

ಡಾಕ್ಟರಮ್ಮ ಕೂಸಿನ ಬಾಯಿ ತೆರೆಸಿ ನೋಡಿದರು. "ನಾಲಿಗೆ ಕೆಳಗೆ ಅಂಟಿಕೊಂಡಿದೆ. ಅದಕ್ಕೇ ಎಳೆದು ಕುಡಿಯೋಕೆ ಆಗಿಲ್ಲ. ಮಗು ಕುಡಿಯದಿದ್ದರೆ ಹಾಲೂ ಬತ್ತುತ್ತೆ. ಸಣ್ಣ ಕೆಲಸ ಇದು, ಮೊದಲೇ ಬರಬಾರದಿತ್ತಾ?"

ಕೂಸು ಉಳಿಯಿತು. ಸುಕನ್ಯಾಳ ಹಾಲು ಮಾತ್ರ ಮರಳಲಿಲ್ಲ. ಬಾಟಲಿ ಹಾಲು ಕುಡಿಸುವಾಗ ಅವಳು ತಾಯಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಬಾಯ್ತುಂಬ ಬೈದಿದ್ದರೂ ಹೊಳೆಮ್ಮನಿಗೆ ಅಷ್ಟು ಉರಿಯುತ್ತಿರಲಿಲ್ಲ. ಯಾರ ಕೂಸಿಗೂ ಆಗಿಬರದ ಆ ಮರಿಗಳನ್ನು ಸಮುದ್ರದಿಂದ ಸುಮ್ಮನೆ ಬಾಚಿ ತಂದೆವಲ್ಲ ಎಂಬುದೂ ಈಗ ಚುಚ್ಚತೊಡಗಿತು. ಡಬ್ಬಿ ಕಳಿಸುವವನಿಗೆ ಫೋನ್ ಮಾಡಿ, ಇನ್ನು ಸೊರ ಬೇಡವೆಂದಳು.

ಕಂಪ್ಲಿಯ ಯಲ್ಲಕ್ಕ ಸೊಸೆಗೆಂದು ಸೊರ ಕೇಳಿಕೊಂಡು ಬಂದಳು.

"ಇಲ್ಲವ್ವ, ನಾ ಇನ್ನ ತರಂಗಿಲ್ಲ. ಕೂಸನ್ನ ಡಾಕ್ಟರಿಗೆ ತೋರ್ಸು."

"ತಲಿಗಿಲಿ ಕೆಟ್ಟೈತೇನು? ನನ್ನ ಮಗಳ ಬಾಣಂತನಕ್ಕ ನೀನ ಕೊಟ್ಟಿದ್ದಿಯಲ್ಲ?"

"ಕೊಟ್ಟೆ. ನನ್ನ ಮಗಳಿಗೂ ಉಣಿಸ್ದೆ. ಹೆಸರು ಹೋಗ್ತೈತಂತ ದವಾಖಾನಿಗೆ ಒಯ್ಲಿಲ್ಲ. ಮೊಮ್ಮಗನ್ನ ಉಪಾಸ ಕೆಡವಿದಾಕಿ ನಾನ ಯಲ್ಲಕ್ಕ."

ಮಾರುಕಟ್ಟೆ ತಿರುಗಿ ನೋಡಿತು. ಯಲ್ಲಕ್ಕ ಪಕ್ಕದ ಜಂಬಕ್ಕನ ಬುಟ್ಟಿಯಿಂದ ಎರಡು ಸೊರದ ಮರಿ ಆರಿಸಿ ಚೀಲಕ್ಕೆ ಹಾಕಿಕೊಂಡಳು. ಹೋಗುವಾಗ ಮಾತ್ರ ಹೊಳೆಮ್ಮನ ಬಳಿ ಬಗ್ಗಿ, ಯಾರಿಗೂ ಕೇಳಿಸದಂತೆ ಕೇಳಿದಳು:

"ಯಾವ ದವಾಖಾನಿ ಅದು?"